ಪಕ್ಕದ ಮನೆ ಮೇಷ್ಟ್ರು ಇನ್ನೂ ಕಾರು ಓಡಿಸುತ್ತಾರೆ. ದೂರು ಕೊಡಲೇ?

ಎರಡನೇ ಕ್ರಾಸ್:
ಬರೆಯಬೇಕೋ ಬೇಡವೋ ಅಂತ ಮೂರು ದಿನ ಯೋಚನೆ ಮಾಡಿದೆ. ನಾವಿರುವುದು ಮೈಸೂರಿನ ಕುವೆಂಪುನಗರ. ಪಕ್ಕದ ಮನೆಯಲ್ಲಿ ರಿಟೈರ್ಡ್ ಗಣಿತದ ಮೇಷ್ಟ್ರು ಒಬ್ಬರಿದ್ದಾರೆ. ವಯಸ್ಸು 81. ಹಳೇ ಮಾರುತಿ ಝೆನ್ ಓಡಿಸುತ್ತಾರೆ. ಹೆಂಡತಿಗೆ ಮಂಡಿ ಆಪರೇಷನ್ ಆಗಿದೆ, ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಇವರೇ ಕರೆದುಕೊಂಡು ಹೋಗುತ್ತಾರೆ. ಮಗ ಕೆನಡಾದಲ್ಲಿ, ಮಗಳು ಹುಬ್ಬಳ್ಳಿಯಲ್ಲಿ.

ಆರು ತಿಂಗಳಿಂದ ನೋಡುತ್ತಿದ್ದೇನೆ. ಮೊದಲು ನಮ್ಮ ಗೇಟಿನ ಪಕ್ಕದ ದಾಸವಾಳದ ಕುಂಡ ಹೋಯಿತು. ಆಮೇಲೆ ರಿವರ್ಸ್ ತೆಗೆಯುವಾಗ ಅವರದೇ ಕಾಂಪೌಂಡಿಗೆ ಗುದ್ದಿದರು. ಹೋದ ತಿಂಗಳು ಒನ್ ವೇಯಲ್ಲಿ ಎದುರಿನಿಂದ ಬಂದು, ಬೈದವರಿಗೇ ಕೈ ಮುಗಿದು ಹೊರಟರು. ಅಲ್ಲಿಯವರೆಗೆ ನಾವೂ ನಕ್ಕು ಸುಮ್ಮನಾಗಿದ್ದೆವು. ಸೋಮವಾರ ಸಂಜೆ ನಮ್ಮ ಕ್ರಾಸಿನಲ್ಲಿ ಸ್ಕೂಲ್ ವ್ಯಾನ್ ನಿಂತಿತ್ತು. ಒಂದು ಮಗು ಇಳಿದು ದಾಟುತ್ತಿತ್ತು. ಮೇಷ್ಟ್ರ ಕಾರು ನಿಧಾನವಾಗಿಯೇ ಬಂತು, ಆದರೆ ನಿಲ್ಲಲಿಲ್ಲ. ಆಯಾ ಮಗುವಿನ ಬ್ಯಾಗ್ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಮೇಷ್ಟ್ರಿಗೆ ಏನೂ ಗೊತ್ತೇ ಆಗಲಿಲ್ಲ. ನನ್ನ ಕಡೆ ತಿರುಗಿ ‘ಕಾಫಿ ಆಯ್ತೇನಮ್ಮ’ ಅಂದು ಮುಂದೆ ಹೋದರು.

ಈಗ ಏನು ಮಾಡಲಿ? ಆರ್‌ಟಿಓಗೆ ಬರೆಯಲೇ? ಪೊಲೀಸರಿಗೆ ಹೇಳಲೇ? ನನ್ನ ಮಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಪಾಸಾಗಿದ್ದು ಇವರಿಂದ. ಒಂದು ವರ್ಷ ಪಾಠ ಹೇಳಿಕೊಟ್ಟರು, ಒಂದು ರೂಪಾಯಿ ಮುಟ್ಟಲಿಲ್ಲ. ಅವರ ಮೇಲೆ ದೂರು ಕೊಟ್ಟರೆ ಉಂಡ ಮನೆಗೆ ಎರಡು ಬಗೆದ ಹಾಗೆ ಅಲ್ವಾ?

ಕಾಫಿ ಡಿಕಾಕ್ಷನ್:
ದಯವಿಟ್ಟು ಸುಮ್ಮನಿರಿ ಮೇಡಂ. ಆ ವಯಸ್ಸಿನಲ್ಲಿ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಎಷ್ಟು ಜನ ಇದ್ದಾರೆ? ಕಾರು ಕಿತ್ತುಕೊಂಡರೆ ನೀವು ವಾರಕ್ಕೆ ಮೂರು ದಿನ ಬಿಟ್ಟು ಬರುತ್ತೀರಾ?

ಸಿಗ್ನಲ್ ಜಂಪ್:
ರಿಂಗ್ ರೋಡಿನಲ್ಲಿ ರಾತ್ರಿ ಹನ್ನೊಂದಕ್ಕೆ ವೀಲಿಂಗ್ ಮಾಡುವ ಹುಡುಗರ ಮೇಲೆ ದೂರು ಕೊಡಿ ಮೊದಲು. ತಾತ 20ರಲ್ಲಿ ಹೋಗುತ್ತಾರೆ. ಅವರಿಂದ ಏನು ಆಗುತ್ತೆ?

ಹಾಸನದವನು:
ಏನು ಆಗುತ್ತೆ ಅಂತ ನಾನು ಹೇಳುತ್ತೇನೆ. ನಮ್ಮ ಅಪ್ಪನೂ 20ರಲ್ಲೇ ಹೋಗುತ್ತಿದ್ದರು. ಆಗ ಅವರಿಗೆ 78. ಹಾಸನದಲ್ಲಿ ಬೇಕರಿ ಮುಂದೆ ಕಾರು ನಿಲ್ಲಿಸಿದ್ದರು. ರಿವರ್ಸ್ ತೆಗೆಯುವಾಗ ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದರು. ಕಾರು ಹಿಂದಕ್ಕೆ ನುಗ್ಗಿದಾಗ ಗಾಬರಿಯಲ್ಲಿ ಇನ್ನೂ ಜೋರಾಗಿ ಒತ್ತಿದರು. ಎಲ್ಲರೂ ಇಲ್ಲೇ ಎಡವುತ್ತಾರೆ. ಕಾಲು ತಪ್ಪಿದೆ ಅಂತ ತಲೆಗೆ ಹೊಳೆಯುವುದಿಲ್ಲ, ಬ್ರೇಕ್ ಹಿಡಿಯುತ್ತಿಲ್ಲ ಅನ್ನಿಸುತ್ತೆ. ಹಿಂದೆ ಸೌತೆಕಾಯಿ ಗಾಡಿಯವನಿದ್ದ. ಅವನ ತೊಡೆ ಮೂಳೆ ಎರಡು ಕಡೆ ಮುರಿಯಿತು.

ಅಪ್ಪನ ಡಿಎಲ್ ಅವಧಿ ಮುಗಿದು ಎರಡು ವರ್ಷ ಆಗಿತ್ತು. ಮನೆಯಲ್ಲಿ ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಇನ್ಶೂರೆನ್ಸ್‌ನವರು ಗಾಯಾಳುವಿಗೆ ಪರಿಹಾರ ಕೊಟ್ಟರು, ಆಮೇಲೆ ಅಷ್ಟನ್ನೂ ನಮ್ಮಿಂದ ವಸೂಲಿ ಮಾಡಿದರು. ದುಡ್ಡು ಹೋದರೆ ಹೋಗಲಿ. ಅಪ್ಪ ಆ ಮನುಷ್ಯನ ಮನೆಗೆ ಪ್ರತಿ ವಾರ ಹಣ್ಣು ತೆಗೆದುಕೊಂಡು ಹೋಗುತ್ತಿದ್ದರು, ಆಟೋದಲ್ಲಿ. ಅವನ ಹೆಂಡತಿ ಮೂರನೇ ವಾರಕ್ಕೆ ‘ಬರಬೇಡಿ’ ಅಂದಳು. ಅಲ್ಲಿಂದ ಅಪ್ಪ ಮನೆ ಬಿಟ್ಟು ಆಚೆ ಬರುವುದನ್ನೇ ನಿಲ್ಲಿಸಿದರು.

ಆ ಬೀದಿಯವರಿಗೆಲ್ಲ ಮೊದಲೇ ಗೊತ್ತಿತ್ತಂತೆ. ‘ನಿಮ್ಮಪ್ಪ ಓಡಿಸೋದು ನೋಡಿದರೆ ಭಯ ಆಗುತ್ತಿತ್ತು’ ಅಂತ ಆಮೇಲೆ ಐದು ಜನ ಹೇಳಿದರು. ಆಮೇಲೆ!

ಕರಿಕೋಟು:
ವಕೀಲ ನಾನು, ಕ್ಲೇಮ್ ಕೇಸುಗಳನ್ನು ನಡೆಸುತ್ತೇನೆ. ಹಾಸನದವರು ಹೇಳಿದ್ದು 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿ. ಮೊದಲು ಗಾಯಾಳುವಿಗೆ ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ.

ಈಗ ಪ್ರಶ್ನೆಗೆ ಬರೋಣ. 81 ವರ್ಷಕ್ಕೆ ಕಾರು ಓಡಿಸುವುದು ಅಪರಾಧ ಅಲ್ಲ. ನಮ್ಮ ದೇಶದಲ್ಲಿ ಸ್ವಂತ ಕಾರು ಓಡಿಸಲು ಗರಿಷ್ಠ ವಯಸ್ಸು ಅಂತ ಇಲ್ಲವೇ ಇಲ್ಲ. 2019ರ ತಿದ್ದುಪಡಿ ಆದ ಮೇಲೆ, 55 ದಾಟಿದವರಿಗೆ ಡಿಎಲ್ ಒಂದು ಸಲಕ್ಕೆ 5 ವರ್ಷ ಸಿಗುತ್ತೆ. ಪ್ರತಿ ಸಲವೂ ಫಾರಂ 1ಎ ಬೇಕು, ಅಂದರೆ ವೈದ್ಯರ ಸರ್ಟಿಫಿಕೇಟ್. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು.

ಅವಧಿ ಇದ್ದರೂ ಒಂದು ದಾರಿ ಇದೆ. ಮೋಟಾರು ವಾಹನ ಕಾಯ್ದೆಯ 16ನೇ ಸೆಕ್ಷನ್. ಕಾಯಿಲೆ ಅಥವಾ ದೌರ್ಬಲ್ಯದಿಂದ ಒಬ್ಬರು ಓಡಿಸಲು ತಕ್ಕವರಲ್ಲ ಅಂತ ನಂಬಲು ಕಾರಣ ಇದ್ದರೆ ಲೈಸೆನ್ಸಿಂಗ್ ಅಧಿಕಾರಿ ಹೊಸದಾಗಿ ವೈದ್ಯರ ಸರ್ಟಿಫಿಕೇಟ್ ಕೇಳಬಹುದು, ಇಲ್ಲವೇ ಡಿಎಲ್ ರದ್ದು ಮಾಡಬಹುದು. ಜನ ‘ದೂರು’ ಅಂದ ತಕ್ಷಣ ಪೊಲೀಸು, ಕೇಸು ಅಂತ ಹೆದರುತ್ತಾರೆ. ಇಲ್ಲಿ ನೀವು ಕೇಳುವುದು ಇಷ್ಟೇ: ಇವರನ್ನು ಇನ್ನೊಮ್ಮೆ ತಪಾಸಣೆಗೆ ಕಳಿಸಿ. ರದ್ದು ಮಾಡಿದರೂ ಕಾರಣ ಬರೆದು ಕೊಡಬೇಕು, 30 ದಿನದೊಳಗೆ ಅಪೀಲು ಹಾಕಬಹುದು. 186ನೇ ಸೆಕ್ಷನ್ ಬೇರೆ. ತನಗೆ ಆಗುವುದಿಲ್ಲ ಅಂತ ಗೊತ್ತಿದ್ದೂ ಓಡಿಸಿದರೆ ಮೊದಲ ಸಲ 1000, ಆಮೇಲೆ 2000 ರೂಪಾಯಿವರೆಗೆ ದಂಡ.

ಬರೆಯುವುದಾದರೆ ವಯಸ್ಸಿನ ಬಗ್ಗೆ ಬರೆಯಬೇಡಿ. ಯಾವ ದಿನ, ಯಾವ ಜಾಗ, ಏನು ನೋಡಿದಿರಿ, ಅಷ್ಟೇ ಬರೆಯಿರಿ.

ಸಿಗ್ನಲ್ ಜಂಪ್:
ಫಾರಂ 1ಎ ಅಂತೆ! ನನ್ನ ನವೀಕರಣಕ್ಕೆ ಡಾಕ್ಟರು ನನ್ನ ಮುಖವನ್ನೇ ನೋಡಲಿಲ್ಲ. ಏಜೆಂಟ್ ಸೀಲು ಹಾಕಿಸಿಕೊಂಡು ಬಂದ.

ಕರಿಕೋಟು:
ನೀವು ಹೇಳುವುದು ಸುಳ್ಳಲ್ಲ. ಅದಕ್ಕೇ ನೆರೆಹೊರೆಯವರ ತಲೆಗೆ ಇದು ಬಂದು ಕೂರುತ್ತಿದೆ.

ಕನ್ನಡಕ:
ಕಣ್ಣಿನ ಡಾಕ್ಟರು ನಾನು. ಆ ಸೀಲಿನ ಬಗ್ಗೆ ಸಿಟ್ಟು ನನಗೂ ಇದೆ. ಫಾರಂ 1ಎಯಲ್ಲಿ ಒಂದು ಸರಳ ಪ್ರಶ್ನೆ ಇದೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಗುರುತಿಸುತ್ತಾರಾ? ಆರು ಸಣ್ಣ ಕಾರುಗಳನ್ನು ಸಾಲಾಗಿ ನಿಲ್ಲಿಸಿದರೆ ಎಷ್ಟು ದೂರವೋ ಹೆಚ್ಚು ಕಡಿಮೆ ಅಷ್ಟು. ಇದಕ್ಕೆ ಆಸ್ಪತ್ರೆ ಬೇಡ, ನಿಮ್ಮ ಬೀದಿಯೇ ಸಾಕು. ಕಿವಿ, ರಾತ್ರಿ ಕುರುಡು, ಕೈಕಾಲಿನ ಬಲ, ಇವನ್ನೂ ಅದರಲ್ಲಿ ಕೇಳುತ್ತಾರೆ.

ಆದರೆ ಮೇಡಂ, ನೀವು ಹೇಳಿದ ಮಗುವಿನ ಘಟನೆ ನನ್ನನ್ನು ಬೇರೆ ಕಡೆ ಎಳೆಯುತ್ತಿದೆ. ಮಗು ಎಡಗಡೆಯಿಂದ ಬಂತಾ? ಕುಂಡ ಎಡಗಡೆ ಇತ್ತಾ? ಪೊರೆ ಬಂದರೆ ಎಲ್ಲ ಮಬ್ಬಾಗುತ್ತೆ, ಎದುರಿನ ಲೈಟು ಒಡೆದು ಹರಡಿದ ಹಾಗೆ ಕಾಣುತ್ತೆ, ರೋಗಿಗೇ ಗೊತ್ತಾಗುತ್ತೆ. ಗ್ಲಾಕೋಮಾ ಹಾಗಲ್ಲ. ಮೊದಲು ಬದಿಯ ನೋಟ ಹೋಗುತ್ತೆ, ನೋವಿಲ್ಲದೆ, ಸದ್ದಿಲ್ಲದೆ. ನೇರ ಎದುರಿಗೆ ಎಲ್ಲ ಚೆನ್ನಾಗಿ ಕಾಣುತ್ತಿರುತ್ತೆ. ಅಂಥವರು ನಂಬರ್ ಪ್ಲೇಟ್ ಪಟಪಟ ಓದುತ್ತಾರೆ, ಪಕ್ಕದಲ್ಲಿ ಬಂದ ಸೈಕಲ್ ಕಾಣುವುದಿಲ್ಲ. ಹೋದ ನೋಟ ಮತ್ತೆ ಬರುವುದಿಲ್ಲ, ಇದ್ದದ್ದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬಹುದು. ಕಾರಿನ ಮಾತು ಹಾಗಿರಲಿ, ಅವರ ಕಣ್ಣಿಗಾಗಿಯಾದರೂ ತೋರಿಸಲಿ.

ಸಕ್ಕರೆ ಕಾಯಿಲೆ ಇದ್ದರೆ ಪಾದದ ಸ್ಪರ್ಶ ಕಡಿಮೆ ಆಗಿರಬಹುದು. ಆಗ ಕಾಲು ಯಾವ ಪೆಡಲ್ ಮೇಲಿದೆ ಅಂತ ಕಾಲಿಗೇ ತಿಳಿಯುವುದಿಲ್ಲ.

ಎರಡನೇ ಕ್ರಾಸ್:
ಡಾಕ್ಟ್ರೇ, ಎರಡೂ ಎಡಗಡೆ.

ಹಳೇ ಲ್ಯಾಂಬ್ರೆಟಾ:
ನನಗೆ 77. ಇದನ್ನೆಲ್ಲ ಬೆಳಗ್ಗೆಯಿಂದ ಓದುತ್ತಿದ್ದೇನೆ, ಬಿಪಿ ಮಾತ್ರೆ ಒಂದು ಜಾಸ್ತಿ ಬೇಕಾಯಿತು.

ಲ್ಯಾಂಬ್ರೆಟಾದಲ್ಲಿ ಶುರು ಮಾಡಿದವನು ನಾನು. ಫಿಯೆಟ್, ಮಾರುತಿ 800 ದಾಟಿ ಈಗ ವ್ಯಾಗನ್ ಆರ್. ನೀವೆಲ್ಲ ನಮ್ಮ ಮೂಳೆ, ಕಣ್ಣು, ಪಾದ ಲೆಕ್ಕ ಹಾಕುತ್ತಿದ್ದೀರಿ. ಸರಿ, ಲೆಕ್ಕ ಸರಿಯಾಗಿಯೇ ಇದೆ. ನಾನು ಕತ್ತಲಾದ ಮೇಲೆ ಓಡಿಸುವುದಿಲ್ಲ, ಮಳೆಯಲ್ಲಿ ಓಡಿಸುವುದಿಲ್ಲ, ಬೆಂಗಳೂರು ಹೆದ್ದಾರಿಗೆ ಹೋಗುವುದಿಲ್ಲ. ಯಾರೂ ಹೇಳಲಿಲ್ಲ, ನಾನೇ ಬಿಟ್ಟೆ. ಹೆದರಿಕೆ ಆಯಿತು, ಬಿಟ್ಟೆ. ಅದನ್ನು ಮನೆಯಲ್ಲಿ ‘ಹೆದರಿಕೆ’ ಅಂತ ಹೇಳಲಿಲ್ಲ, ‘ಟ್ರಾಫಿಕ್ ಜಾಸ್ತಿ’ ಅಂದೆ.

ತಾಯಿ, ಆ ಮೇಷ್ಟ್ರಿಗೆ ಕಾರು ಅಂದರೆ ಏನು ಅಂತ ಯೋಚನೆ ಮಾಡಿ. ಮಗ ದುಡ್ಡು ಕಳಿಸುತ್ತಾನೆ, ಮಗಳು ಫೋನಿನಲ್ಲಿ ಔಷಧಿ ತರಿಸುತ್ತಾಳೆ. ಆ ಮನೆಯಲ್ಲಿ ಇವರು ಮಾತ್ರ ಮಾಡಬಲ್ಲ ಕೆಲಸ ಅಂತ ಉಳಿದಿರುವುದು ಅದೊಂದೇ. ನನ್ನ ವಿಷಯದಲ್ಲಿ ಯಾರಾದರೂ ಮೊದಲು ಸರ್ಕಾರಕ್ಕೆ ಬರೆದು, ಆಮೇಲೆ ನನ್ನ ಮುಖ ನೋಡಿ ನಕ್ಕರೆ ನಾನು ಕ್ಷಮಿಸುವುದಿಲ್ಲ. ಮೊದಲು ಮುಖಕ್ಕೆ ಹೇಳಿ. ಅದಕ್ಕೂ ಮೊದಲು ಒಂದು ಸಲ ಅವರ ಪಕ್ಕದ ಸೀಟಿನಲ್ಲಿ ಕೂತು ಹೋಗಿ ಬನ್ನಿ. ಕಾಂಪೌಂಡಿನಿಂದ ನೋಡಿ ತೀರ್ಪು ಕೊಡಬೇಡಿ.

ಫ್ರೀಮಾಂಟ್ ಸೊಸೆ:
ಕ್ಯಾಲಿಫೋರ್ನಿಯಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಡಿಎಂವಿಯಲ್ಲಿ, ಅಂದರೆ ನಮ್ಮ ಆರ್‌ಟಿಓ ಇದ್ದ ಹಾಗೆ, ಇದಕ್ಕೇ ಒಂದು ಫಾರಂ ಇದೆ. ಮನೆಯವರು, ಪಕ್ಕದವರು, ಯಾರು ಬೇಕಾದರೂ ತುಂಬಬಹುದು. ಹೆಸರು ಗುಟ್ಟಾಗಿಡಿ ಅಂತ ಕೇಳಬಹುದು. ಅವರು ಕರೆದು ಮತ್ತೆ ಪರೀಕ್ಷೆ ಮಾಡುತ್ತಾರೆ. ಮರೆವಿನ ಕಾಯಿಲೆ ಇದೆ ಅಂತ ಗೊತ್ತಾದರೆ ಇಲ್ಲಿ ಡಾಕ್ಟರೇ ತಿಳಿಸಬೇಕು, ಅದು ಕಾನೂನು.

ಮಾವನ ವಿಷಯದಲ್ಲಿ ಆ ಫಾರಂ ತುಂಬಿದ್ದು ನಾನು. ಗಂಡ ತುಂಬಲಿಲ್ಲ, ‘ಅಪ್ಪ ಬೇಜಾರು ಮಾಡಿಕೊಳ್ಳುತ್ತಾರೆ’ ಅಂದರು. ಮಾವ ದಿನಾ ಹೋಗುವ ಲೈಬ್ರರಿಯ ದಾರಿ ತಪ್ಪಿ ಎರಡು ಗಂಟೆ ಸುತ್ತಿದ್ದರು. ಲೈಸೆನ್ಸ್ ಹೋಯಿತು. ಇವತ್ತಿಗೂ ಯಾರು ಬರೆದದ್ದು ಅಂತ ಅವರಿಗೆ ಗೊತ್ತಿಲ್ಲ. ಸಾರು ಬಡಿಸುವಾಗ ಒಮ್ಮೊಮ್ಮೆ ನನ್ನ ಕೈ ನಡುಗುತ್ತೆ.

ಆದರೆ ಮಾಡಿದ್ದು ತಪ್ಪು ಅಂತ ಒಂದು ದಿನವೂ ಅನ್ನಿಸಿಲ್ಲ. ಮೈಸೂರಿನಲ್ಲಿ ಆಟೋ ಆದರೂ ಇದೆ. ಇಲ್ಲಿ ಕಾರಿಲ್ಲದಿದ್ದರೆ ಹಾಲು ತರಲೂ ಆಗುವುದಿಲ್ಲ.

ಕರಿಕೋಟು:
ಜಪಾನಿನಲ್ಲಿ 75 ದಾಟಿದವರಿಗೆ ನವೀಕರಣದ ಹೊತ್ತಿಗೆ ನೆನಪಿನ ಪರೀಕ್ಷೆಯೂ ಇದೆ. 2019ರ ಏಪ್ರಿಲ್‌ನಲ್ಲಿ ಟೋಕಿಯೋದ ಇಕೆಬುಕುರೋದಲ್ಲಿ 87 ವರ್ಷದವರೊಬ್ಬರ ಕಾರು ಹರಿದು ತಾಯಿ ಮತ್ತು ಪುಟ್ಟ ಮಗಳು ಸತ್ತರು. ಅವರೂ ಕಾರಿನದೇ ದೋಷ ಅಂತ ವಾದ ಮಾಡಿದರು. ಪೆಡಲ್ ತಪ್ಪು ಒತ್ತಿದ್ದೇ ಕಾರಣ ಅಂತ ಕೋರ್ಟ್ ಹೇಳಿತು, 5 ವರ್ಷ ಶಿಕ್ಷೆ ಆಯಿತು. ಅದೇ ವರ್ಷ ಇಂಗ್ಲೆಂಡಿನ ರಾಣಿಯ ಗಂಡ ಪ್ರಿನ್ಸ್ ಫಿಲಿಪ್ ಜನವರಿಯಲ್ಲಿ ಅಪಘಾತ ಮಾಡಿಕೊಂಡು, ಫೆಬ್ರವರಿಯಲ್ಲಿ ಲೈಸೆನ್ಸ್ ವಾಪಸ್ ಕೊಟ್ಟರು. 97 ವರ್ಷ! ಅವರ ಮನೆಯಲ್ಲಿ ಡ್ರೈವರುಗಳಿಗೆ ಬರ ಇರಲಿಲ್ಲ ಅಂದುಕೊಳ್ಳುತ್ತೇನೆ.

ಹಳೇ ಲ್ಯಾಂಬ್ರೆಟಾ:
ನೋಡಿದಿರಾ, ಅರಮನೆಯಲ್ಲೂ ಇದೇ ಕಥೆ.

ಆಟೋ ಮೀಟರ್:
ನಾನು ಮೈಸೂರಲ್ಲೇ ಆಟೋ ಓಡಿಸುವುದು. ಇಂಥ ಕಾರುಗಳನ್ನು ದೂರದಿಂದಲೇ ಗುರುತು ಹಿಡಿಯುತ್ತೇವೆ. ಇಂಡಿಕೇಟರ್ ಹಾಕಿದ್ದು ಆಫ್ ಆಗಿರುವುದಿಲ್ಲ. ಹಂಪ್ ಇಲ್ಲದ ಕಡೆ ಬ್ರೇಕ್ ಹಿಡಿಯುತ್ತಾರೆ, ಹಂಪ್ ಇರುವ ಕಡೆ ಹಾರಿಸುತ್ತಾರೆ. ನಾವು ಬಿಟ್ಟುಕೊಟ್ಟು ಹೋಗುತ್ತೇವೆ. ಹೊರಗಿನಿಂದ ಬಂದ ಟ್ಯಾಕ್ಸಿಯವನಿಗೆ ಅದು ಗೊತ್ತಿರುವುದಿಲ್ಲ.

ಒಂದು ಮಾತು. ನನಗೆ ತಿಂಗಳ ಲೆಕ್ಕದ ಗಿರಾಕಿಗಳು ನಾಲ್ಕು ಜನ ಇದ್ದಾರೆ, ಎಲ್ಲ ವಯಸ್ಸಾದವರೇ. ಹೊತ್ತಿಗೆ ಸರಿಯಾಗಿ ಹೋಗುತ್ತೇನೆ, ಕೈ ಹಿಡಿದು ಇಳಿಸುತ್ತೇನೆ, ಆಸ್ಪತ್ರೆಯಲ್ಲಿ ಕಾಯುತ್ತೇನೆ. ನಿಮ್ಮ ಬೀದಿಯ ಸ್ಟ್ಯಾಂಡಿನಲ್ಲೂ ಯಾರಾದರೂ ಒಪ್ಪುತ್ತಾರೆ. ಸಿಟಿ ಬಸ್ಸಿನಲ್ಲಿ ಅಜ್ಜಿಗೆ ಶಕ್ತಿ ಯೋಜನೆಯಲ್ಲಿ ಫ್ರೀ ಇದೆ ನಿಜ, ಆದರೆ ಮಂಡಿ ಆಪರೇಷನ್ ಆದವರು ಆ ಮೆಟ್ಟಿಲು ಹತ್ತುವುದು ಹೇಗೆ?

ಕಾಫಿ ಡಿಕಾಕ್ಷನ್:
ಇದು ಕೆಲಸಕ್ಕೆ ಬರುವ ಮಾತು. ಮೊದಲು ಆಟೋ ಗೊತ್ತು ಮಾಡಿ, ಆಮೇಲೆ ಕಾರಿನ ಮಾತು ಎತ್ತಿ. ಬರಿಗೈಯಲ್ಲಿ ಹೋಗಬೇಡಿ. ಮೊದಲು ‘ಸುಮ್ಮನಿರಿ’ ಅಂದಿದ್ದೆ, ಹಾಸನದವರ ಕಥೆ ಓದಿದ ಮೇಲೆ ಆ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಹಿರಿಯರ ವಿಷಯದಲ್ಲಿ ಸಲಹೆ ಕೇಳಲು 14567 ಅಂತ ಎಲ್ಡರ್‌ಲೈನ್ ಇದೆ, ಅದಕ್ಕೂ ಮಾತಾಡಿ ನೋಡಿ.

ಎರಡನೇ ಕ್ರಾಸ್ (ಆರು ದಿನದ ನಂತರ):
ಪಕ್ಕದ ಸೀಟಿನಲ್ಲಿ ಕೂತು ಬಂದೆ. ದೇವರಾಜ ಮಾರ್ಕೆಟ್ಟಿಗೆ ಹೋಗಬೇಕು, ಬಿಡುತ್ತೀರಾ ಅಂತ ಕೇಳಿದೆ. ಮೇಷ್ಟ್ರಿಗೆ ಎಷ್ಟು ಖುಷಿ ಆಯಿತು ಅಂದರೆ ಇಸ್ತ್ರಿ ಶರ್ಟು ಹಾಕಿಕೊಂಡು ಬಂದರು. ಅಲ್ಲೇ ನನಗೆ ಅರ್ಧ ಜೀವ ಹೋಯಿತು.

ಕುವೆಂಪುನಗರದೊಳಗೆ ಚೆನ್ನಾಗಿ ಓಡಿಸಿದರು. ಪ್ರತಿ ತಿರುವು ಅವರ ಕೈಗೇ ಗೊತ್ತು. ಬಲ್ಲಾಳ್ ಸರ್ಕಲ್ ಹತ್ತಿರ ಎಡಗಡೆಯಿಂದ ಒಬ್ಬ ಸೈಕಲ್ಲಿನವನು ಬಂದ. ನಾನು ನೋಡಿದೆ, ಮೇಷ್ಟ್ರು ನೋಡಲಿಲ್ಲ. ‘ಸಾರ್’ ಅಂತ ಕೂಗಿದೆ. ನಿಲ್ಲಿಸಿದರು. ‘ಎಲ್ಲಿಂದ ಬಂದನೋ’ ಅಂದರು. ಅವನು ಎಲ್ಲಿಂದಲೂ ಹಾರಿ ಬಂದಿರಲಿಲ್ಲ, ಅರ್ಧ ನಿಮಿಷದಿಂದ ನಮ್ಮ ಪಕ್ಕದಲ್ಲೇ ಇದ್ದ. ಅಗ್ರಹಾರದಲ್ಲಿ ಹಿಂದಿನ ಬಸ್ಸು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಪಕ್ಕದಿಂದ ಹೋಯಿತು. ಅದೂ ಕೇಳಿಸಲಿಲ್ಲ.

ಮಾರ್ಕೆಟ್ಟಿನ ಹತ್ತಿರ ಇಳಿಯಲಿಲ್ಲ ನಾನು. ಕೂತಲ್ಲೇ ಹೇಳಿದೆ. ವ್ಯಾನು, ಮಗು, ಆಯಾ, ಎಲ್ಲ. ಮೇಷ್ಟ್ರು ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡೇ ಕೇಳಿದರು. ‘ಯಾವ ಮಗು?’ ಅಂತ ಎರಡು ಸಲ ಕೇಳಿದರು. ಆಮೇಲೆ ‘ಅದಕ್ಕೇ ಬಂದೆಯಾ ನೀನು’ ಅಂದರು. ಏಕವಚನದಲ್ಲಿ ಅವರು ಯಾವಾಗಲೂ ಕರೆಯುತ್ತಾರೆ, ಅವತ್ತು ಮಾತ್ರ ಅದು ಚುಚ್ಚಿತು. ವಾಪಸ್ ಬರುವಾಗ ನಾನು ಎಡಗಡೆ ನೋಡುತ್ತಾ ಕೂತಿದ್ದೆ, ಅವರು ಒಂದು ಮಾತೂ ಆಡಲಿಲ್ಲ.

ರಾತ್ರಿ ಹುಬ್ಬಳ್ಳಿಯ ಮಗಳಿಗೆ ಫೋನ್ ಮಾಡಿದೆ. ಅವಳು ಅತ್ತಳು. ಕೆನಡಾದ ಮಗ ‘ಆಂಟಿ, ಅಪ್ಪನಿಗೆ ಇರೋ ಖುಷಿ ಅದೊಂದೇ’ ಅಂದ. ‘ಖುಷಿ ಬೇರೆ, ಕಣ್ಣು ಬೇರೆ ಕಣಪ್ಪ’ ಅಂದೆ.

ಹಾಸನದವನು:
ಮೇಡಂ, ಸಿಟ್ಟು ಮಾಡಿಕೊಳ್ಳಬೇಡಿ. ಮೊದಲ ಸಲ ಬರೆದಾಗಿನಿಂದ ಇವತ್ತಿನವರೆಗೆ ಅವರು ಎಷ್ಟು ಸಲ ಕಾರು ತೆಗೆದಿದ್ದಾರೆ?

ಎರಡನೇ ಕ್ರಾಸ್:
ನಾಲ್ಕು ಸಲ. ಎಣಿಸಿದ್ದೇನೆ.

ಹಾಸನದವನು:
ಅಷ್ಟೇ ಕೇಳಬೇಕಿತ್ತು.

ಕನ್ನಡಕ:
ಕಣ್ಣಿಗೆ ‘ಫೀಲ್ಡ್ ಟೆಸ್ಟ್’, ಅಂದರೆ ಬದಿಯ ನೋಟ ಎಷ್ಟಿದೆ ಅಂತ ನೋಡುವ ಪರೀಕ್ಷೆ, ಮಾಡಿಸಿ ಅಂತ ಹೆಸರು ಹೇಳಿಯೇ ಕೇಳಿ. ಬರೀ ಕನ್ನಡಕದ ನಂಬರ್ ನೋಡಿ ಕಳಿಸಿದರೆ ಪ್ರಯೋಜನ ಇಲ್ಲ. ಕಿವಿಗೆ ನಿಮ್ಮೂರಲ್ಲೇ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಇದೆ, ದೇಶದ ಬೇರೆ ಬೇರೆ ಕಡೆಯಿಂದ ಅಲ್ಲಿಗೆ ಬರುತ್ತಾರೆ.

ಕರಿಕೋಟು:
ಅವರು ಒಪ್ಪದಿದ್ದರೆ ಬರೆದುಬಿಡಿ ಮೇಡಂ. ಮುಖಕ್ಕೆ ಹೇಳಿ ಆಗಿದೆ, ಇನ್ನು ಬೆನ್ನ ಹಿಂದೆ ಅನ್ನುವ ಮಾತೇ ಇಲ್ಲ.

ಎರಡನೇ ಕ್ರಾಸ್:
ಬರೆದಿಟ್ಟಿದ್ದೇನೆ. ಒಂದೂವರೆ ಪುಟ. ಮಗಳು ಭಾನುವಾರ ಬರುತ್ತಾಳೆ, ಸೋಮವಾರದವರೆಗೆ ಕಾಯುತ್ತೇನೆ. ಅಲ್ಲಿಯವರೆಗೆ ಫಿಸಿಯೋಗೆ ನಾನೇ ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಹೋಗುತ್ತೇನೆ.

ಎರಡನೇ ಕ್ರಾಸ್ (ಒಂದು ತಿಂಗಳ ನಂತರ):
ಕೇಳಿದವರಿಗೆಲ್ಲ ಒಟ್ಟಿಗೆ ಹೇಳುತ್ತೇನೆ. ಪತ್ರ ಕಳಿಸಬೇಕಾಗಲಿಲ್ಲ. ಮಗಳು ಬಂದು ಕಣ್ಣಿಗೆ ತೋರಿಸಿದಳು. ಡಾಕ್ಟ್ರು ಇಲ್ಲಿ ಊಹಿಸಿದ್ದೇ ಆಯಿತು, ಗ್ಲಾಕೋಮಾ. ಎಡಗಣ್ಣಿನ ನೋಟ ಬದಿಯಿಂದ ತುಂಬಾ ಹೋಗಿದೆ, ಬಲಗಣ್ಣಿನಲ್ಲೂ ಶುರುವಾಗಿದೆ. ಮೇಷ್ಟ್ರು ಆ ಪರೀಕ್ಷೆಯ ಚಿತ್ರ ಕೈಯಲ್ಲಿ ಹಿಡಿದು ಗ್ರಾಫ್ ನೋಡುವ ಹಾಗೆ ನೋಡಿದರಂತೆ. ಕಪ್ಪು ಇರುವ ಕಡೆ ಬೆರಳಿಟ್ಟು ‘ಮಗು ಇಲ್ಲಿತ್ತು’ ಅಂದರಂತೆ.

ಡಿಎಲ್ ಡಿಸೆಂಬರಿಗೆ ಮುಗಿಯುತ್ತೆ. ಫಾರಂ 1ಎಗೆ ಸಹಿ ಹಾಕುವುದಿಲ್ಲ ಅಂತ ಅವರ ಮನೆ ಡಾಕ್ಟರು ಈಗಲೇ ಹೇಳಿದ್ದಾರೆ. ಕೀ ಅಜ್ಜಿಯ ಹತ್ತಿರ ಇದೆ. ಫಿಸಿಯೋಗೆ ತಿಂಗಳ ಲೆಕ್ಕದ ಆಟೋ ಬರುತ್ತೆ. ಆಟೋದವನ ಮಗಳು ಒಂಬತ್ತನೇ ಕ್ಲಾಸು, ಗಣಿತ ಕಷ್ಟವಂತೆ. ಅದರ ಮಾತುಕತೆ ನಡೆದ ಹಾಗಿದೆ, ನನಗೆ ಯಾರೂ ಹೇಳಿಲ್ಲ. ಮೇಷ್ಟ್ರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.

ಕಾರು ಹಾಗೇ ಇದೆ, ಕವರ್ ಹಾಕಿ. ಭಾನುವಾರ ಬೆಳಗ್ಗೆ ಅಜ್ಜಿ ಕೀ ಕೊಡುತ್ತಾರೆ. ಮೇಷ್ಟ್ರು ಕವರ್ ತೆಗೆದು, ಒರೆಸಿ, ಗೇಟು ಹಾಕಿಕೊಂಡೇ ಹತ್ತು ನಿಮಿಷ ಇಂಜಿನ್ ಆನ್ ಮಾಡಿ ಒಳಗೆ ಕೂತಿರುತ್ತಾರೆ. ಬ್ಯಾಟರಿ ಡೌನ್ ಆಗಬಾರದಂತೆ.

ಸಿಗ್ನಲ್ ಜಂಪ್:
ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟರೆ ತಿಂಗಳುಗಟ್ಟಲೆ ಏನೂ ಆಗಲ್ಲ ಮೇಡಂ. ಸ್ಟಾರ್ಟ್ ಮಾಡುವ ಅಗತ್ಯವೇ ಇಲ್ಲ. ಹತ್ತು ನಂಬರ್ ಸ್ಪ್ಯಾನರ್ ಸಾಕು.

ಹಳೇ ಲ್ಯಾಂಬ್ರೆಟಾ:
ಅದು ಮೇಷ್ಟ್ರಿಗೂ ಗೊತ್ತಿರುತ್ತೆ ಕಣಪ್ಪ.